ಓ ಅನ್ನುವಷ್ಟು ಜಾಗ

ವ್ಯಾನಿನ ಹಿಂಬದಿಯಲ್ಲಿ ನನ್ನ ಗಿಟಾರು
ಕಂಬಳಿ ಹೊದ್ದು ಮಲಗಿದೆ. ಹೊರಗೆ ಜನವರಿ.
ಕನ್ಸಾಸ್ ಸಿಟಿಯ ಈ ಸ್ಟುಡಿಯೋ ಮೊದಲು ಲಾಂಡ್ರಿಯಾಗಿತ್ತಂತೆ;
ಬಿಸಿನೀರಿನ ಕೊಳವೆ ಈಗಲೂ ಗೋಡೆಯೊಳಗೆ
ತಾಳ ತಪ್ಪಿ ಕೆಮ್ಮುತ್ತದೆ,
ಪ್ರತಿ ಟೇಕಿಗೂ ಮುಂಚೆ ಯಾರಾದರೂ ಹೋಗಿ
ಅದರ ತಿರುಪು ಬಿಗಿಯಬೇಕು.
ಆ ಕೆಲಸ ಇವತ್ತು ನನ್ನದು.

ಗಾಜಿನಾಚೆ ವರ್ನೀಸ್,
ಅರವತ್ತಮೂರರ ಹೆಂಗಸು, ಕಾಲಿಗೆ ಮನೆಚಪ್ಪಲಿ,
ಮೂಗಿನ ತುದಿಗೆ ಕನ್ನಡಕ.
ಮೂವತ್ತೊಂದು ವರ್ಷ ಒಂದು ಸಾಲನ್ನೂ ಓದಿಕೊಂಡು ಹಾಡಿದವಳಲ್ಲ.
ಈಗ ಎದುರಿಗೆ ಹಾಳೆ. ಹಾಳೆಯಲ್ಲಿ
ಯಾವುದೋ ಮರೆತುಹೋದ ನಾಟಕಕ್ಕೆಂದು
ಯಾರೋ ಕೂಲಿಗೆ ಬರೆದ ಪ್ರೇಮಗೀತೆ.
ನಾಟಕ ಮೂರು ವಾರಕ್ಕೆ ಸತ್ತಿತು; ಹಾಡು
ನೂರು ಗಂಟಲುಗಳಲ್ಲಿ ಮನೆ ಬದಲಿಸುತ್ತ
ಇನ್ನೂ ಬದುಕಿದೆ.

"ಚಂದ್ರ ಅಂತಾನೆ, ತೋಳು ಅಂತಾನೆ,
ಬಾಡಿಗೆ ಬಾಕಿಯ ಮಾತೇ ಎತ್ತೋದಿಲ್ಲ," ಅಂದಿದ್ದಳು ನಿನ್ನೆ
ವ್ಯಾನಿನಲ್ಲಿ ಹುರಿದ ಕೋಳಿ ತಿನ್ನುತ್ತ,
"ಇಂಥವನನ್ನ ನಂಬೋದು ಹೇಗೆ, ಡೆಲ್ಮರ್?"

ನಮ್ಮ ಹಾಡುಗಳು ಬೂಟು ಬಿಚ್ಚದೆ ಒಳಗೆ ಬರುತ್ತಿದ್ದವು.
ಟಲ್ಸಾದಲ್ಲಿ, ಲಿಟಲ್ ರಾಕ್‌ನಲ್ಲಿ, ಬಿಯರು ಚೆಲ್ಲಿದ ನೆಲದ ಮೇಲೆ
ಅವಳು ಒಂದು ಸಾಲು ಎಸೆಯುತ್ತಿದ್ದಳು, ಗೋಡೆಗೆ ತಟ್ಟೆ ಎಸೆದಂತೆ.
ನಾನು ಆರು ತಂತಿಗಳಲ್ಲಿ ಓ ಅನ್ನುತ್ತಿದ್ದೆ.
ಮತ್ತೆ ಕರೆಯುತ್ತಿದ್ದಳು. ಮತ್ತೆ ಓ.
ಅಷ್ಟೇ ನಮ್ಮ ಸಂಸಾರ.
ಮದುವೆಯಾದದ್ದು ಬೇರೆಯವರನ್ನು: ಅವಳು ಇಬ್ಬರನ್ನು, ನಾನು ಒಬ್ಬಳನ್ನು.
ಅವರು ಕರೆದಾಗ ನಮಗೆ ಸರಿಯಾಗಿ ಕೇಳಿಸಲಿಲ್ಲ.

ಪಿಯಾನೋ ಮುಂದೆ ಅಂಬ್ರೋಸ್, ಎಂಬತ್ತರ ಹತ್ತಿರ.
ಬೇಯಿಸಿದ ಮೊಟ್ಟೆ ಸುಲಿದಂತೆ ಬಾರಿಸುತ್ತಾನೆ.
ಡ್ರಮ್ಮಿನ ಹುಡುಗಿ ತಂತಿಪೊರಕೆಯಲ್ಲಿ
ಹಿಟ್ಟು ಜರಡಿ ಹಿಡಿಯುತ್ತಾಳೆ.
ಇಷ್ಟು ಮೆತ್ತಗಾದರೆ ಒಬ್ಬರು ಉಗುಳು ನುಂಗಿದ್ದೂ ಕೇಳಿಸುತ್ತದೆ.
ಅವಳ ದನಿಯ ಬಿರುಕು, ಇಷ್ಟು ವರ್ಷ
ಗದ್ದಲದಡಿ ಮುಚ್ಚಿಟ್ಟಿದ್ದು,
ಪಿಂಗಾಣಿ ಬಟ್ಟಲಿನ ಕೂದಲೆಳೆಯಂತೆ ಎದ್ದು ಕಾಣುತ್ತದೆ.

ನಾಲ್ಕನೆಯ ಟೇಕು. ಆರನೆಯದು.
ಪ್ರತಿ ಸಾಲಿನ ಕೊನೆಗೆ ಅವಳು ನಿಲ್ಲುತ್ತಾಳೆ.
ಹಾಳೆಯಲ್ಲಿ ಅಲ್ಲಿ ನಿಲುಗಡೆಯಿಲ್ಲ.
ನಿರ್ಮಾಪಕ ಪ್ಯಾಕ್ಸ್‌ಟನ್ ಗುಂಡಿ ಒತ್ತಿ ಹೇಳಿದ:
"ಚೆನ್ನಾಗಿದೆ, ಆದರೆ ಎಲ್ಲ ಕಡೆ ಎರಡು ಬೀಟು ತಡ.
ಏನನ್ನೋ ಕಾಯ್ತಾ ಇದ್ದೀರಿ."
ಅವಳು ಕನ್ನಡಕ ತೆಗೆದು ಒರೆಸಿದಳು.
"ಹೌದಾ?" ಅಂದಳು. ನಿಜಕ್ಕೂ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು.
ಗಾಜಿನ ಈಚೆ, ನನ್ನ ಎಡಗೈಯ ನಾಲ್ಕು ಬೆರಳು
ಪ್ರತಿ ಸಾಲಿಗೂ ಪ್ಯಾಂಟಿನ ಬಟ್ಟೆ ಒತ್ತುತ್ತಿದ್ದವು.
ಎರಡು ಬೀಟು. ನನ್ನ ಅಳತೆ ಅದು.
ಅವಳ ಉಸಿರಿನೊಳಗೆ ನಾನು ತೋಡಿಕೊಂಡ ಕೋಣೆ.

ಎದ್ದು ಹೇಳಬಹುದಿತ್ತು. ವ್ಯಾನಿಗೆ ಓಡಬಹುದಿತ್ತು.
ಕೊಳವೆ ಕೆಮ್ಮಿತು; ಹೋಗಿ ತಿರುಪು ಬಿಗಿದೆ.
ಕಬ್ಬಿಣ ಅಂಗೈ ಸುಟ್ಟಿತು,
ಆದರೂ ಸ್ವಲ್ಪ ಹೊತ್ತು ಹಿಡಿದೇ ಇದ್ದೆ.

ಬರುವಷ್ಟರಲ್ಲಿ ಹನ್ನೊಂದನೆಯ ಟೇಕು ನಡೆದಿತ್ತು.
ಅವಳು ಅದೇ ಜಾಗದಲ್ಲಿ ನಿಂತಳು.
ಅಂಬ್ರೋಸ್ ಕೈ ಎತ್ತಿಬಿಟ್ಟ, ಅಷ್ಟೇ,
ಮನೆಗಳಿಂದ ಎರಡಂಗುಲ ಮೇಲೆ,
ಹೊಸಬ ಬಂದನೆಂದು ಕುರ್ಚಿ ಬಿಟ್ಟು ಏಳುವ ಯಜಮಾನನಂತೆ.
ಪೊರಕೆಯೂ ನಿಂತಿತು.
ಸ್ಪೀಕರಿನಲ್ಲಿ ಕೋಣೆಯ ಗಾಳಿ ಮಾತ್ರ.
ಚಂದ್ರ, ತೋಳು, ಆ ಕೂಲಿಯವನ ಸುಳ್ಳು, ಎಲ್ಲಕ್ಕೂ
ಆ ಕಿಂಡಿಯಿಂದ ಸ್ವಲ್ಪ ಚಳಿ ಹೊಕ್ಕಿತು,
ಆಗ ನಾನು ಆ ಮನುಷ್ಯನನ್ನು ನಂಬಿದೆ.

ಪ್ಯಾಕ್ಸ್‌ಟನ್ ಪರದೆಯಲ್ಲಿ ಖಾಲಿ ಗೆರೆ ತೋರಿಸಿದ.
"ಕತ್ತರಿಸಿ ಜೋಡಿಸಬಹುದು, ಗೊತ್ತೇ ಆಗಲ್ಲ."
ವರ್ನೀಸ್ ನನ್ನ ಕಡೆ ನೋಡಲಿಲ್ಲ.
ಚಪ್ಪಲಿ ಎಳೆಯುತ್ತ ಬಂದು
ನನ್ನ ಆರಿಹೋದ ಕಾಫಿ ಕುಡಿದಳು.
"ಅಲ್ಲಿ ಬಾಡಿಗೆಗೆ ಜನ ಇದ್ದಾರೆ," ಅಂದಳು, "ಮುಟ್ಟಬೇಡ."

ರಾತ್ರಿ ವ್ಯಾನಿನ ಗಾಜಿನ ಹಿಮ ಕೆರೆದೆ.
ಹೆದ್ದಾರಿ ಸೇರುವಾಗ ನಿದ್ದೆಗಣ್ಣಲ್ಲಿ ಕರೆದಳು, "ಡೆಲ್ಮರ್?"
"ಓ."
"ಹೀಟರ್ ಜಾಸ್ತಿ ಮಾಡು. ಕಾಲು ಮರಗಟ್ಟಿದೆ."