ಕಾಟಾ ಗುಮಾಸ್ತನ ಆಲ್ಬಮ್

ಹುಣ್ಣಿಮೆಯ ಉಬ್ಬರ ನೋಡಿಯೇ ತರುತ್ತಾರೆ
ದಾರೂಖಾನೆಗೆ ಹಡಗು.
ಮೂತಿಯ ಮೇಲಿನ ಹೆಸರಿಗೆ ಆಗಲೇ ಡಾಂಬರು ಬಳಿದಿರುತ್ತದೆ.
ತ್ರಿಲೋಚನ ಬೆಹೆರಾ ಗ್ಯಾಸು ಹಚ್ಚುತ್ತಾನೆ.
ಕಾಟಾದ ಮೇಲೆ ಬಂದದ್ದನ್ನು ನಾನು ಬರೆದುಕೊಳ್ಳುತ್ತೇನೆ:
ಲಂಗರು, ಒಂದು ಟನ್ ಎಂಟು ಕ್ವಿಂಟಲ್.
ಕಪ್ತಾನನ ಸ್ನಾನದ ತೊಟ್ಟಿ, ಎಪ್ಪತ್ತು ಕಿಲೋ,
ತುಕ್ಕು ಸೇರಿ.

ಶನಿವಾರ ಅರ್ಧ ದಿನ.
ರೇ ರೋಡಿನಲ್ಲಿ ಲೋಕಲ್ ಹತ್ತಿ ವಿ.ಟಿ.
ದೊಡ್ಡ ಪೋಸ್ಟಾಫೀಸಿನ ಹಿಂದೆ, ಫುಟ್‌ಪಾತಿನಲ್ಲಿ,
ಮುರ್ತುಜಾ ಚಾಚಾ ನನ್ನನ್ನು ಕಂಡದ್ದೇ
ಚಿಟ್ಟೆಗಳನ್ನೂ ರಾಣಿಯರನ್ನೂ ಆಚೆ ಸರಿಸಿ
ಬಿಸ್ಕತ್ತಿನ ಡಬ್ಬಿ ಮುಂದಿಡುತ್ತಾನೆ.
‘ಜಹಾಜ್‌ವಾಲಾ’ ಎಂದಲ್ಲದೆ ನನ್ನ ಬೇರೆ ಹೆಸರು
ಇಪ್ಪತ್ತು ವರ್ಷದಲ್ಲಿ ಅವನು ಕೇಳಿಲ್ಲ.

ಲಕೋಟೆಯ ಚೂರಿಗೆ ಅಂಟಿ ಬಂದವನ್ನು
ರಾತ್ರಿ ಖೋಲಿಯಲ್ಲಿ, ಪರಾತದ ನೀರಿಗೆ ಬಿಡುತ್ತೇನೆ.
‘ನಳ ಬರೂದ ಇಪ್ಪತ್ತು ಮಿನಿಟು,
ನಿಮ್ಮ ಹಡಗಿಗೆ ಬ್ಯಾರೆ ಸಮುದ್ರ ಬೇಕೇನ್ರೀ?’
ಒಂದು ಚರಗಿ ಸಾಕು, ಅನ್ನುತ್ತೇನೆ.
ಗೋಂದು ಸಡಿಲಿ, ಕಾಗದದ ದಡ ಬಿಟ್ಟು
ಒಂದೊಂದೇ ಏಳುತ್ತವೆ:
ಹಾಯಿಯವು, ಹೊಗೆಯವು, ದೀಪಸ್ತಂಭವೊಂದು,
ಕ್ರೇನುಗಳಿರುವ ಯಾವುದೋ ಬಂದರು, ತಲೆಕೆಳಗಾಗಿ.

ಮುದ್ರೆ ಬಿದ್ದ ಚೀಟಿ ಅಗ್ಗ.
ನನಗೆ ಅದೇ ಬೇಕು.
ಆ ಕಪ್ಪು ಅಲೆಗೆರೆಗಳನ್ನು ದಾಟಿ ಬಂದದ್ದಕ್ಕೆ ತಾನೆ
ಹಡಗು ಅನ್ನುವುದು.

ಹೋದ ತಿಂಗಳು ಡಬ್ಬಿಯ ತಳದಲ್ಲಿ
ಹಳದಿ ಚಿಮಣಿಯದೊಂದು ಸಿಕ್ಕಿತು, ದ್ವೀಪದೇಶದ್ದು,
ಒಂದು ಮೂಲೆಯ ಹಲ್ಲು ಮುರಿದಿತ್ತು.
ಅಡಿಯಲ್ಲಿ ಇರುವೆಯಷ್ಟು ಅಕ್ಷರ: ಎಲ್ವೀರಾ.
ಈ ಹೆಸರನ್ನು ನಾನು ಬೆರಳಲ್ಲಿ ಓದಿದ್ದೆ,
ಡಾಂಬರಿನ ಕೆಳಗೆ ಉಬ್ಬಿದ್ದ ಬೆಸುಗೆಯ ಅಕ್ಷರಗಳನ್ನು,
ಆರನೇ ನಂಬರಿನ ಪ್ಲಾಟಿನಲ್ಲಿ, ಒಂದು ಇಳಿತದ ಹೊತ್ತು.

ಊಟದ ಬಿಡುವಿನಲ್ಲಿ ಚಿಮಟದಿಂದ ಹಿಡಿದು ತೋರಿಸಿದೆ.
ತ್ರಿಲೋಚನ ಕೈ ಒರೆಸಿಕೊಂಡ, ಆದರೂ ಮುಟ್ಟಲಿಲ್ಲ.
‘ಇದರ ಹೊಟ್ಟೆಯಲ್ಲಿ ಹದಿನೇಳು ದಿನ ಇದ್ದೆ’ ಅಂದ.
ಆಮೇಲೆ, ‘ತಿರುಗಿಸು ನೋಡೋಣ.’
ಹಿಂದೆ ಏನೂ ಇರಲಿಲ್ಲ. ಬಿಳಿ.
ಸ್ವಲ್ಪ ಗೋಂದಿನ ಕಲೆ.
‘ಇಂಜಿನು ಎಲ್ಲಿ?’ ಅಂತ ನಕ್ಕ,
ನಗುತ್ತಲೇ ಅದನ್ನು ಕಾಟಾದ ಮೇಲೆ ಇಡಿಸಿದ.
ಮುಳ್ಳು ಅಲುಗುತ್ತದೇನೋ ಎಂದು ಇಬ್ಬರೂ
ಬೀಡಿ ಆರುವವರೆಗೆ ಕಾದೆವು.

ಎಲ್ವೀರಾದ ಲೆಕ್ಕ ಮುಗಿದು ಆರು ವರ್ಷ.
ಹಳೆಯ ರಿಜಿಸ್ಟರು ತೆಗೆದು, ಒಟ್ಟು ಮೊತ್ತದ ಕೆಳಗೆ
ಪೆನ್ಸಿಲಿನಲ್ಲಿ ಬರೆದಿದ್ದೇನೆ:
ಮಾಲು ಪೂರ್ತಿ ಬಂದಿಲ್ಲ.
ಸೇಠ್ ಇನ್ನೂ ನೋಡಿಲ್ಲ.