ಒಂದು ಪೆನ್ನಿಯಗಲ

ಕವೆಂಟ್ರಿಯ ರೈಲು ಹಳಿಯ ಬೆನ್ನಿಗೆ ನನ್ನ ಶೆಡ್ಡು.
ಸರಕು ಗಾಡಿ ಹಾದಾಗ ಅಂಟಿನ ಡಬ್ಬಿಗಳು ತುಸು ಕುಣಿಯುತ್ತವೆ,
ನಾನು ಕೈ ಎತ್ತಿ ಕಾಯುತ್ತೇನೆ.

ಅರವತ್ತೆರಡರ ಜಾಗ್ವಾರ್. ಅದರ ಹಲಗೆಗಳೆಲ್ಲ
ಬಿಚ್ಚಿಸಿಕೊಂಡು ಮೇಜಿನ ಮೇಲೆ,
ಸ್ಕ್ರೂಗಳು ಸಾಸಿವೆಯ ಹಳೇ ಡಬ್ಬಿಯಲ್ಲಿ.
ವಾರ್ನಿಷ್ ಹಳೇ ಪಿಂಗಾಣಿಯ ಹಾಗೆ ಸೀಳು ಸೀಳು.
ಅದರಡಿ ಅಕ್ರೋಟು. ಮರವೆನ್ನಬಾರದು, ಮರದ ಪೊರೆ:
ಉಜ್ಜುಕಾಗದ ಎರಡೆಳೆತ ಹೆಚ್ಚಾದರೆ
ಕೆಳಗಿನ ಬಡ ಹಲಗೆ ಹಲ್ಲು ಕಿರಿಯುತ್ತದೆ.
ಒಮ್ಮೆ ಹಾಗಾಗಿದೆ. ಆ ತುಂಡನ್ನು ಗೋಡೆಗೆ ಹೊಡೆದಿಟ್ಟಿದ್ದೇನೆ,
ಅವಸರವಾದಾಗ ನೋಡಲಿಕ್ಕೆ.

ಎದ್ದ ಅಂಚಿಗೆ ಒದ್ದೆ ಬಟ್ಟೆ, ಮೇಲೆ ಇಸ್ತ್ರಿಪೆಟ್ಟಿಗೆ:
ಹಳೆಯ ಅಂಟು ಮೆತ್ತಗಾಗಿ
ಕೊಟ್ಟಿಗೆಯ ವಾಸನೆ ಬಿಟ್ಟು
ಮತ್ತೆ ಕಚ್ಚಿಕೊಳ್ಳುತ್ತದೆ.
ಇದೆಲ್ಲ ಬರುವ ಕೆಲಸ.

ಬಾರದ್ದು, ಡ್ಯಾಶ್‌ಬೋರ್ಡಿನ ಖಾನೆಯ ಮುಚ್ಚಳದ ಮೇಲೆ
ಪೆನ್ನಿಯಗಲದ ಒಂದು ಕಪ್ಪು ದುಂಡು.
ಪ್ರಯಾಣಿಕರ ಸಂತನ ಪದಕ ಅಲ್ಲಿ ಅಂಟಿತ್ತಂತೆ.
ಬಿಸಿಲು ಸುತ್ತಲಿನದನ್ನೆಲ್ಲ ಜೇನುಬಣ್ಣಕ್ಕೆ ಇಳಿಸಿದೆ,
ಸಂತನ ಅಡಿಯಷ್ಟು ಮಾತ್ರ
ಕಡಿದ ದಿನದ ಅಕ್ರೋಟು.
"ತೆಗೆದುಬಿಡಿ" ಎಂದರು ಮಿಸೆಸ್ ಪೆಟಿಫರ್, ಕೈಗವಸು ಬಿಚ್ಚದೆ.
"ಅವರ ಮೊದಲ ಹೆಂಡತಿ ಅಂಟಿಸಿದ್ದು."

ಕೆರೆದರೆ ತೂತು. ಔಷಧ ಹಚ್ಚಿದರೆ ಬೂದುಗಲೆ.
ಬಿಸಿಲು ಮಾಡಿದ್ದನ್ನು ಬಿಸಿಲೇ ತೀರಿಸಲಿ ಎಂದು
ರಟ್ಟಿನಲ್ಲಿ ಪೆನ್ನಿಯಗಲ ಕೊರೆದು
ದುಂಡನ್ನಷ್ಟೇ ಬಿಟ್ಟು, ಉಳಿದದ್ದು ಮುಚ್ಚಿ
ತೆಂಕಣ ಕಿಟಕಿಗೆ ಒರಗಿಸಿದೆ.
ಆಗ ನವೆಂಬರ್. ಈ ಊರಿನ ಬಿಸಿಲು
ಸಾಲ ತೀರಿಸಬೇಕಾದವನ ಹಾಗೆ,
ಮೂಲೆಯಲ್ಲಿ ಮುಖ ತೋರಿಸಿ ಮಾಯ.

ಆಕೆ ಡಿಸೆಂಬರಿನಲ್ಲಿ ಫೋನು ಮಾಡಿದರು, ಮತ್ತೆ ಫೆಬ್ರವರಿಯಲ್ಲಿ.
"ಇನ್ನೂ ಇದ್ದಾಳೆಯೇ?" ಎಂದರು ಎರಡನೆಯ ಸಲ.
ತಾವಾಡಿದ್ದು ತಮಗೇ ಕೇಳಿಸಿರಲಿಕ್ಕಿಲ್ಲ.
"ತಿಳಿಯಾಗುತ್ತಿದ್ದಾಳೆ" ಎಂದೆ ನಾನೂ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ
ರಟ್ಟು ಎತ್ತಿದರೆ ಅಂಚೇ ಇಲ್ಲ.
ಎಂಟು ಕೈ ವಾರ್ನಿಷ್. ನಡುನಡುವೆ ನೀರುಜ್ಜು.
ಕೊನೆಗೆ ಮೇಲಿನ ಬಲ್ಬು ಮರದೊಳಗೆ ಉರಿಯತೊಡಗಿತು.

ಈ ಸಲ ಕೈಗವಸು ಬಿಚ್ಚಿದರು.
ಬೆರಳು ಮುಚ್ಚಳದ ಮೇಲೆ ಅಲೆಯಿತು, ನಿಂತಿತು, ಅಲೆಯಿತು.
"ಎಲ್ಲಿತ್ತು?"
ನನಗೂ ತಿಳಿಯಲಿಲ್ಲ.
ಕಿಟಕಿಯ ಬಳಿಯಿಂದ ರಟ್ಟು ತಂದು ಅಳತೆಗೆ ಇಟ್ಟೆ.
ತೂತಿನೊಳಗೂ ಮರ, ಬರೀ ಮರ.

ಹಣ ಎಣಿಸಿ ಕೊಟ್ಟರು, ರಸೀದಿ ಬೇಡವೆಂದರು.
ಬಾಗಿಲವರೆಗೆ ಹೋದವರು ತಿರುಗಿ ಬಂದು
ಆ ರಟ್ಟನ್ನು ಕೇಳಿದರು.