ಅಂಚಿನ ಪೆನ್ಸಿಲ್

ನಮ್ಮ ಚಿಯಾತುರಾದಲ್ಲಿ ನೆಲಕ್ಕಿಂತ ಗಾಳಿಯಲ್ಲೇ ದಾರಿ ಹೆಚ್ಚು.
ಒಂದು ಬೆಟ್ಟದಿಂದ ಇನ್ನೊಂದಕ್ಕೆ ಉಕ್ಕಿನ ಹಗ್ಗ,
ಹಗ್ಗಕ್ಕೆ ಜೋತುಬಿದ್ದ ತಗಡಿನ ತೊಟ್ಟಿಲು,
ಒಳಗೆ ಗಣಿಯ ರಾತ್ರಿಪಾಳಿಯವರು, ಹಿಟ್ಟಿನ ಚೀಲ,
ಒಮ್ಮೊಮ್ಮೆ ಕಾಲು ಕಟ್ಟಿದ ಟರ್ಕಿ ಕೋಳಿ.
ಬಾಗಿಲ ಚಿಲಕ ಹಾಕುವವಳು ನನ್ನಮ್ಮ.
ಮನೆಯ ಕೀಲಿ ಅವಳ ಜೇಬಿನಲ್ಲಿ.
ಹಾಗಾಗಿ ಶಾಲೆ ಬಿಟ್ಟ ಮೇಲೆ, ಅವಳ ಪಾಳಿ ಮುಗಿವ ತನಕ, ನಾನೂ
ಮೇಲೆ, ಕೆಳಗೆ, ಮೇಲೆ.

ಓದು ಹತ್ತಿದ್ದು ಹಾಗೆ.
ಏರುವಾಗ ನಾಲ್ಕು ಪುಟ, ಇಳಿಯುವಾಗ ಮೂರೂವರೆ
(ಇಳಿಯುವಾಗ ನದಿ ಕಾಣುತ್ತದೆ).

ಗಣಿಯವರ ಕ್ಲಬ್ಬಿನ ಗ್ರಂಥಾಲಯದಲ್ಲಿ
ಲಾಮಾರಾ ಕೋಟು ಬಿಚ್ಚದೆ ಕೂತಿರುತ್ತಿದ್ದಳು.
ಮೊದಲು ಕೈ ತೋರಿಸಬೇಕು, ಆಮೇಲೆ ಪುಸ್ತಕ.
ಕೈ ಬೆಳ್ಳಗೆ ಯಾರಿಗಿತ್ತು,
ಹಾಲಿನ ಕೆನೆಯ ಮೇಲೂ ಮ್ಯಾಂಗನೀಸ್ ಧೂಳು ಕೂರುವ ಊರಲ್ಲಿ?
ಉಗುಳು ಹಚ್ಚಿ ಒರೆಸಿ ಒರೆಸಿ
ನನ್ನೆಲ್ಲ ಲಂಗಗಳ ಬಲಮಗ್ಗುಲು ಕಪ್ಪು.

ಹನ್ನೊಂದನೆಯ ವಯಸ್ಸಿನಲ್ಲಿ ಸಿಕ್ಕಿತು ಮೊದಲ ಗೀಚು.
ಪ್ರಪಾತಕ್ಕೆ ಅಡ್ಡ ಬಿದ್ದ ದಿಮ್ಮಿಯನ್ನು
ಕಾದಂಬರಿಯ ವೀರ ಸಿಳ್ಳೆ ಹಾಕುತ್ತ ದಾಟುತ್ತಾನೆ.
ಅಂಚಿನಲ್ಲಿ ಪೆನ್ಸಿಲ್, ಇರುವೆ ಸಾಲಿನಷ್ಟು ಸಣ್ಣಗೆ:
“ಸುಳ್ಳು. ಕೆಳಗೆ ನೋಡಿಯೇ ನೋಡುತ್ತಾನೆ.”

ನಾನು ಕೆಳಗೆ ನೋಡಿದೆ.
ಯಾರೋ ಒಗೆದು ಹರವಿದ ಹೊದಿಕೆ, ಅಂಗೈಯಗಲ.
ದಿನಕ್ಕೆ ಹತ್ತು ಸಲ ದಾಟುವ ಆಳ,
ಅವತ್ತೇ ಮೊದಲು ಹೊಟ್ಟೆಯಲ್ಲಿ ಏನೋ ಮಗುಚಿತು.

ಆಮೇಲೆ ಕತೆ ನೆಪ, ಹುಡುಕಾಟ ಅಂಚಿನಲ್ಲೇ.
ಗಂಡ ಸತ್ತ ಸುದ್ದಿಗೆ ಹೆಂಗಸು ಮೂರ್ಛೆ ಬಿದ್ದರೆ:
“ಇಲ್ಲ. ಮೊದಲು ಒಲೆ ಮೇಲಿನ ಪಾತ್ರೆ ಇಳಿಸುತ್ತಾಳೆ.”
ಎರಡು ಪುಟದ ವಸಂತಕ್ಕೆ:
“ಇವನಿಗೆ ಒಂದು ಮರದ ಹೆಸರೂ ಗೊತ್ತಿಲ್ಲ.”
ಒಂದೇ ಒಂದು ಕಡೆ, ಮುದುಕನೊಬ್ಬ
ಮಗಳ ಒದ್ದೆ ಬೂಟನ್ನು ಒಲೆಯ ಹತ್ತಿರ ಸರಿಸಿಟ್ಟು
ಏನೂ ಅನ್ನದೆ ಮಲಗಲು ಹೋಗುವಲ್ಲಿ,
ಬರಹವಿಲ್ಲ. ಒಂದು ಚುಕ್ಕೆ.
ಒತ್ತಿ ಒತ್ತಿ ಕಾಗದ ತೂತುಬಿದ್ದಿತ್ತು.

ಯಾರಿರಬಹುದು? ಚರಿತ್ರೆಯ ಮೇಷ್ಟ್ರು ಒತಾರ್?
ಹಗ್ಗ ಪರೀಕ್ಷಿಸಲು ಬರುತ್ತಿದ್ದ ಇಂಜಿನಿಯರ್?
ನನ್ನ ಊಹೆಯಲ್ಲಿ ಎಲ್ಲರಿಗೂ ಕನ್ನಡಕ,
ಎಲ್ಲರೂ ಗಂಡಸರು, ಮತ್ತು ಹೆಚ್ಚುಕಡಿಮೆ ಸತ್ತವರು.

ಹದಿನಾಲ್ಕರ ಚಳಿಗಾಲ. ಕೆಳಗಿನ ನಿಲ್ದಾಣದಲ್ಲಿ
ಸೂರ್ಯಕಾಂತಿ ಬೀಜ ಮಾರುವ ಮ್ಜೆವಿನಾರ್
ಹೊಸ ರಟ್ಟಿನ ಮೇಲೆ ಹೊಸ ಬೆಲೆ ಬರೆದಿಟ್ಟಿದ್ದಳು.
ಅಕ್ಷರದ ಬಾಲ ಎಡಕ್ಕೆ ಹೊರಳಿ
ತನ್ನನ್ನೇ ಕಚ್ಚಲು ಬಂದಂತೆ.
ಆ ಬಾಲ ನನಗೆ ಅಮ್ಮನ ಕೆಮ್ಮಿಗಿಂತ ಚೆನ್ನಾಗಿ ಗೊತ್ತು.

ಎಷ್ಟು ವರ್ಷ ಇವಳ ಕೈಯಿಂದಲೇ ಕೊಂಡಿದ್ದೆ!
ಲೋಟ ಕುಲುಕುವುದಿಲ್ಲ, ಅಳತೆಯಲ್ಲಿ ಹೊಡೆಯುತ್ತಾಳೆ ಎಂದು
ಮನಸ್ಸಿನಲ್ಲೇ ಬೈದುಕೊಂಡಿದ್ದೆ.
“ನೀವಾ?” ಎಂದೆ. ಬೇರೆ ಮಾತು ಹೊರಡಲಿಲ್ಲ.
ಅವಳು ಸಿಪ್ಪೆ ಉಗುಳಿದಳು.
“ಲಾಮಾರಾಗೆ ಹೇಳಬೇಡ. ದಂಡ ಹಾಕ್ತಾಳೆ.”
ಚಿಲ್ಲರೆ ಎಣಿಸಿದಳು, ತಪ್ಪಿತು, ಮತ್ತೆ ಎಣಿಸಿದಳು.
“ಆ ಬೂಟಿಂದು ಸಿಕ್ಕಿತಾ?”
ಹೂಂ ಎಂದು ತಲೆಯಾಡಿಸಿದೆ.
ಅವತ್ತು ಲೋಟ ಕುಲುಕಿದಳು, ಮೇಲೊಂದು ಹಿಡಿ ಹಾಕಿದಳು.
ಅಷ್ಟೇ. ತೊಟ್ಟಿಲು ಬಂತು, ಹತ್ತಿದೆ.

ಈಗ ತಿಬಿಲಿಸಿಯಲ್ಲಿ ಒಂದು ಬಾಡಿಗೆ ಕೋಣೆ,
ಇಪ್ಪತ್ಮೂರು ವಯಸ್ಸು, ಅಚ್ಚಾದ ಕತೆ ಎರಡು.
“ಏನಮ್ಮಾ ಎಲಿಸೋ, ಇಷ್ಟಗಲ ಅಂಚು? ಕಾಗದ ಪುಕ್ಕಟೆಯಾ?”
ಎನ್ನುತ್ತಾರೆ ಪತ್ರಿಕೆಯವರು. ನಗುತ್ತೇನೆ.

ನಿನ್ನೆ ರಾತ್ರಿ ಅವಳ ಬಗ್ಗೆ ಬರೆಯಲು ಕೂತೆ.
“ಮ್ಜೆವಿನಾರಳ ಕಣ್ಣುಗಳಲ್ಲಿ ಆಳವಾದ ದುಃಖವಿತ್ತು”
ಎಂದು ಬರೆದು, ತುಸು ಹಿಗ್ಗಿ, ಚಹಾ ಕಾಸಿ ತಂದು ನೋಡಿದರೆ
ಖಾಲಿ ಅಂಚು ನನ್ನನ್ನೇ ನೋಡುತ್ತಿತ್ತು.

ಹೊಡೆದುಹಾಕಿದೆ.
ಅವಳ ಕಣ್ಣು ಹೇಗಿದ್ದವೋ ನನಗೆ ಗೊತ್ತಿಲ್ಲ.
ನಾನು ನೋಡುತ್ತಿದ್ದುದು ಲೋಟವನ್ನು.